ಮೌಸ್ ಸತ್ತಿರಲಿಲ್ಲ, ಜಗಳದಲ್ಲಿತ್ತು

ಅಟ್ಟದ ಮೇಲಿದ್ದ ಹಳೇ 486 ಕಂಪ್ಯೂಟರನ್ನು ಇಳಿಸಿ ಒರೆಸಿ ಹಚ್ಚಿದೆ. ಡಾಸ್ 6.22 ಎಂಬ ಹಳೇ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ವಿಂಡೋಸ್ 3.1. ಸೀರಿಯಲ್ ಮೌಸ್ ಚೆನ್ನಾಗೇ ಓಡಾಡುತ್ತಿತ್ತು. ಆದರೆ ಟರ್ಮಿನಲ್ ಪ್ರೋಗ್ರಾಂ ತೆರೆದು, ಫೋನ್ ಲೈನಿನಲ್ಲಿ ಬೇರೆ ಕಂಪ್ಯೂಟರಿಗೆ ಸಂಪರ್ಕ ಕೊಡುವ ಮೋಡೆಮ್ ಮುಟ್ಟಿದ ತಕ್ಷಣ ಬಾಣದ ಗುರುತು ನಿಂತಲ್ಲೇ ನಿಂತುಬಿಡುತ್ತಿತ್ತು.

ಮೊದಲು ಮೌಸ್ ಹೊಟ್ಟೆಯಲ್ಲಿರುವ ಉಂಡೆ ತೆಗೆದು, ಒಳಗಿನ ರೋಲರ್‌ಗಳ ಕೊಳೆ ಉಗುರಿನಲ್ಲಿ ಕೆರೆದೆ. ಕೊಳೆ ಬೇಜಾನ್ ಬಂತು, ಪ್ರಯೋಜನ ಮಾತ್ರ ಇಲ್ಲ.

ಆಮೇಲೆ ಕಂಪ್ಯೂಟರ್ ಶುರುವಾಗುವಾಗ ಓದುವ ಫೈಲುಗಳನ್ನು ನೋಡಿದೆ. ಕಾನ್ಫಿಗ್.ಸಿಸ್‌ನಲ್ಲಿ ಮೌಸ್.ಸಿಸ್, ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಮೌಸ್.ಕಾಮ್. ಒಂದೇ ಮೌಸ್‌ಗೆ ಅದನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಎರಡು! ಮೊದಲನೆಯದರ ಸಾಲಿನ ಮುಂದೆ ರೆಮ್ ಹಾಕಿ ಸುಮ್ಮನಾಗಿಸಿದೆ. ಸ್ವಲ್ಪ ಮೆಮೊರಿ ಉಳಿಯಿತು ಅಷ್ಟೇ, ಮೌಸ್ ಮತ್ತೆ ನಿಂತಿತು.

ಕೊನೆಗೆ ಡಾಸ್ ಜೊತೆಗೇ ಬರುವ ಎಂಎಸ್‌ಡಿ ಎಂಬ ತಪಾಸಣೆ ಪ್ರೋಗ್ರಾಂ ಓಡಿಸಿದಾಗ ಹೊಳೆಯಿತು. ಮೌಸ್ ಇದ್ದದ್ದು ಕಾಮ್ 1 ಎಂಬ ಸೀರಿಯಲ್ ಪೋರ್ಟಿನಲ್ಲಿ, ಮೋಡೆಮ್ ಕಾರ್ಡ್ ಕಾಮ್ 3ರಲ್ಲಿ. ವಿಳಾಸ ಬೇರೆ ಬೇರೆ: 3ಎಫ್8 ಮತ್ತು 3ಇ8. ಆದರೆ ಎರಡೂ ಪ್ರೊಸೆಸರನ್ನು ಕರೆಯುವುದು ಐಆರ್‌ಕ್ಯೂ 4 ಎಂಬ ಒಂದೇ ಗಂಟೆಯಿಂದ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ, ಅಲ್ವಾ? ಡ್ರೈವರ್ ಎಷ್ಟು ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಕಂಪ್ಯೂಟರ್ ಆಫ್ ಮಾಡಿ ಮುಚ್ಚಳ ತೆಗೆದೆ. ಖಾಲಿ ಇದ್ದ ಕಾಮ್ 2 ಪೋರ್ಟನ್ನು ಪೋರ್ಟುಗಳಿರುವ ಐ/ಓ ಕಾರ್ಡ್‌ನ ಜಂಪರ್‌ನಿಂದಲೇ (ಪಿನ್‌ಗಳನ್ನು ಜೋಡಿಸುವ ಪುಟ್ಟ ಕ್ಲಿಪ್) ಮುಚ್ಚಿದೆ. ಮೋಡೆಮ್‌ನ ಜಂಪರ್‌ಗಳನ್ನು ಕಾಮ್ 2, ಐಆರ್‌ಕ್ಯೂ 3ಕ್ಕೆ ಸರಿಸಿದೆ. ಒಂದು ಜಂಪರ್ ಕೈಜಾರಿ ಮದರ್‌ಬೋರ್ಡ್ ಕೆಳಗೆ ಹೋಗಿ ಅರ್ಧ ಗಂಟೆ ತಿಂದಿತು. ಟರ್ಮಿನಲ್ ಪ್ರೋಗ್ರಾಂನಲ್ಲೂ ಪೋರ್ಟ್ ಬದಲಿಸಿದೆ. ಈಗ ಮೋಡೆಮ್ ಕಿರುಚುವಾಗಲೂ ಮೌಸ್ ಆರಾಮಾಗಿ ಓಡಾಡುತ್ತಿದೆ.