ಹಿಮಗೂಬೆಯ ಬೆನ್ನಿಗೆ ಡೈರಿ ಕಟ್ಟುವುದು ಹೇಗೆ?

ಚಳಿಗಾಲ ಬಂತೆಂದರೆ ಆರ್ಕ್‌ಟಿಕ್‌ನ ಹಿಮಗೂಬೆಗಳಲ್ಲಿ ಒಂದಷ್ಟು ಕೆನಡಾದ ದಕ್ಷಿಣಕ್ಕೆ, ಅಮೆರಿಕದ ಉತ್ತರದ ರಾಜ್ಯಗಳಿಗೆ ಇಳಿದು ಬರುತ್ತವೆ. ಬಯಲಿನ ನಡುವೆ ಹಿಮದ ಗುಡ್ಡೆಯ ಹಾಗೆ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತವೆ. ನೋಡಿದವರಿಗೆ ಶುದ್ಧ ಸೋಮಾರಿ ಹಕ್ಕಿ ಅನ್ನಿಸಬೇಕು. ಕತ್ತಲಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಏನು ಹಿಡಿಯುತ್ತದೆ ಎಂಬುದು ಬೆನ್ನಿಗೆ ಕಟ್ಟಿದರೆ ಓಡಾಟವನ್ನೆಲ್ಲ ಡೈರಿಯಂತೆ ಬರೆದುಕೊಂಡು ಕಳಿಸುವ ಟ್ರಾನ್ಸ್‌ಮಿಟರ್ ಎಂಬ ಪುಟ್ಟ ಯಂತ್ರ ಬರುವವರೆಗೂ ಬಹುಪಾಲು ಊಹೆಯೇ.

2013ರ ಬೇಸಿಗೆಯಲ್ಲಿ ಕೆನಡಾದ ಉತ್ತರ ಕ್ವಿಬೆಕ್‌ನಲ್ಲಿ ಹಿಮಗೂಬೆಗಳ ಮುಖ್ಯ ಆಹಾರವಾದ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ವಿಪರೀತ ಹೆಚ್ಚಿದವು. ಗೂಬೆಮರಿಗಳೂ ಅದೇ ಲೆಕ್ಕದಲ್ಲಿ ಬದುಕಿಕೊಂಡವು. ಆ ಚಳಿಗಾಲದಲ್ಲಿ ಫ್ಲಾರಿಡಾ, ಬರ್ಮುಡಾದವರೆಗೂ ಹಿಮಗೂಬೆ ಕಾಣಿಸಿಕೊಂಡಿತು. ಅವುಗಳ ಬೆನ್ನುಹತ್ತಲು ಆಗ ಶುರುವಾದದ್ದೇ ‘ಪ್ರಾಜೆಕ್ಟ್ ಸ್ನೋಸ್ಟಾರ್ಮ್’ ಎಂಬ ಸಂಶೋಧನಾ ಯೋಜನೆ. ಈ ಕೆಲಸ ಹೇಗೆ ನಡೆಯುತ್ತದೆ, ಒಂದೊಂದಾಗಿ ನೋಡೋಣ.

ಮೊದಲು ಪರವಾನಗಿ

ಇದು ಹವ್ಯಾಸಿಗಳು ಕೈಹಾಕುವ ಕೆಲಸವಲ್ಲ. ಅಮೆರಿಕದಲ್ಲಾದರೆ ಮೇರಿಲ್ಯಾಂಡ್‌ನ ಲಾರೆಲ್‌ನಲ್ಲಿರುವ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯ ಅನುಮತಿ ಬೇಕು. ಕಾಲಿಗೆ ಗುರುತಿನ ಉಂಗುರ ತೊಡಿಸುವ ಪರವಾನಗಿ ಇದ್ದರಷ್ಟೇ ಸಾಲದು, ಟ್ರಾನ್ಸ್‌ಮಿಟರ್ ಕಟ್ಟುವುದಕ್ಕೆ ಬೇರೆಯದೇ ಒಪ್ಪಿಗೆ ಪಡೆಯಬೇಕು.

ಯಂತ್ರದ ಆಯ್ಕೆ

ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲಿಗಿಂತ ಹೊರೆ ಹೆಚ್ಚಾಗಬಾರದು ಎಂಬುದು ಈ ಕ್ಷೇತ್ರದವರು ಪಾಲಿಸುವ ಲೆಕ್ಕ. ಹೆಣ್ಣು ಹಿಮಗೂಬೆ ಸುಮಾರು 2 ಕಿಲೋ ತೂಗುತ್ತದೆ, ಗಂಡು ಅದಕ್ಕಿಂತ ಹಗುರ. ಬಳಸುವ ಯಂತ್ರದ ತೂಕ ಸುಮಾರು 40 ಗ್ರಾಂ. ಚೆನ್ನಾಗಿ ತಿಂದುಂಡ ಹೆಣ್ಣಿಗೆ ಇದು ಲೆಕ್ಕಕ್ಕಿಲ್ಲ. ಒಂದೂಕಾಲು ಕಿಲೋದ ಬಡಕಲು ಗಂಡು ಸಿಕ್ಕಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಎಷ್ಟು ದಿನ ಕಾದು ಹಿಡಿದ ಹಕ್ಕಿಯಾದರೂ ಸರಿ, ಅದಕ್ಕೆ ಉಂಗುರವಷ್ಟೇ ತೊಡಿಸಿ ಬಿಟ್ಟುಬಿಡಬೇಕು. ಆಸೆಗೆ ಬೀಳಬಾರದ ಜಾಗ ಇದು.

ಯಂತ್ರದೊಳಗೆ ಜಿಪಿಎಸ್, ಬ್ಯಾಟರಿ, ಮೊಬೈಲ್ ಫೋನಿನಲ್ಲಿರುವಂಥದೇ ಮೋಡೆಮ್, ಮೇಲೆ ಸೋಲಾರ್ ಪಟ್ಟಿ. ಜಾಗ, ಎತ್ತರ, ವೇಗ ಎಲ್ಲವನ್ನೂ ಗುರುತು ಹಾಕಿಕೊಂಡು, ಟವರ್ ಸಿಕ್ಕಾಗ ಕಳಿಸುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಗುರುತು ಹಾಕು ಎಂದರೂ ಹಾಕುತ್ತದೆ, ಆದರೆ ಡಿಸೆಂಬರ್‌ನ ಕುಳ್ಳು ಹಗಲಿನಲ್ಲಿ ಚಾರ್ಜ್ ಆಗುವುದೇ ಕಷ್ಟ. ಅತಿಯಾಸೆ ಮಾಡಿದರೆ ಬ್ಯಾಟರಿ ಮಲಗುತ್ತದೆ. ಚಳಿಗಾಲದ ನಡುವೆ ಗುರುತುಗಳ ಅಂತರ ಹೆಚ್ಚಿಸಿ, ಬಿಸಿಲು ಏರಿದಂತೆ ಕಡಿಮೆ ಮಾಡಿಕೊಳ್ಳುವುದು ಜಾಣತನ. ನೆಟ್‌ವರ್ಕ್ ವಿಷಯದಲ್ಲೂ ಮುಂದಾಲೋಚನೆ ಬೇಕು. 2022ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿದವು. ಬೆನ್ನ ಮೇಲಿನ ಫೋನ್ ಹಳೆಯದಾಯಿತು ಎಂದು ಗೂಬೆ ಬಂದು ಬದಲಾಯಿಸಿಕೊಳ್ಳುವುದಿಲ್ಲವಲ್ಲ!

ಹಿಡಿಯುವುದು

ಗೂಬೆ ಇರುವ ಜಾಗ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ತನ್ನ ಊರಾದ ಟಂಡ್ರಾದಂತೆ ಮರವಿಲ್ಲದ ಚಪ್ಪಟೆ ನೆಲ ಕಂಡಲ್ಲಿ ಅದು ಇಳಿಯುತ್ತದೆ: ಸಮುದ್ರತೀರ, ಹೊಲ, ವಿಮಾನ ನಿಲ್ದಾಣ. ಬಾಸ್ಟನ್‌ನ ಲೋಗನ್ ವಿಮಾನ ನಿಲ್ದಾಣದಲ್ಲಿ ಗೂಬೆ ಸಂಶೋಧಕ ನಾರ್ಮನ್ ಸ್ಮಿತ್ 1981ರಿಂದ ಹಿಮಗೂಬೆಗಳನ್ನು ಹಿಡಿದು, ವಿಮಾನಕ್ಕೆ ಸಿಕ್ಕದಂತೆ ಬೇರೆಡೆ ಬಿಡುತ್ತ ಬಂದವರು.

ಬಳಸುವುದು ಹೆಚ್ಚಾಗಿ ಬಿಲ್ಲುಬಲೆ. ಅರ್ಧಚಂದ್ರದಂಥ ಕಂಬಿಗೆ ಬಲೆ ಕಟ್ಟಿ, ಸ್ಪ್ರಿಂಗ್ ಎಳೆದು ನೆಲದ ಮೇಲೆ ಮಡಚಿಟ್ಟಿರುತ್ತಾರೆ. ನಡುವೆ ಆಮಿಷದ ಹಕ್ಕಿ. ಅದಕ್ಕೆ ಉಗುರು ತಾಗದಂತೆ ಚರ್ಮದ ಕವಚ ತೊಡಿಸುವುದುಂಟು. ಗೂಬೆ ಎರಗಿದ ಕ್ಷಣ ಬಲೆ ಮಗುಚಿ ಬೀಳುತ್ತದೆ. ಅದು ಒಂದೇ ಕ್ಷಣದ ಕೆಲಸ. ಅದಕ್ಕೆ ಮುಂಚೆ ಕಾರಿನೊಳಗೆ ಕೂತು ಕಾಯುವ ಗಂಟೆಗಳಿಗೆ ಲೆಕ್ಕವಿಲ್ಲ. ಬಲೆ ಬಿದ್ದೊಡನೆ ಓಡಿಹೋಗಿ ಮೊದಲು ಹಿಡಿಯಬೇಕಾದದ್ದು ಕಾಲುಗಳನ್ನು. ಕೊಕ್ಕಿಗಿಂತ ಆ ಉಗುರುಗಳೇ ಅಪಾಯ. ಬೆರಳ ತನಕ ಗರಿಯ ಕಾಲುಚೀಲ ಹಾಕಿಕೊಂಡಂತಿರುವ ಮುದ್ದು ಪಾದ ನೋಡಿ ಮೋಸಹೋಗಬಾರದು.

ತೂಕ, ಅಳತೆ, ಪಟ್ಟಿ

ಬಟ್ಟೆಯಲ್ಲಿ ಸುತ್ತಿ ತೂಕ ನೋಡಿ. ಆಮೇಲೆ ಎದೆಯ ಗರಿಗಳೊಳಗೆ ಬೆರಳಿಟ್ಟು ನಡುಮೂಳೆ ಸವರಬೇಕು. ಮೂಳೆ ಚೂಪಾಗಿ ಸಿಕ್ಕಿದರೆ ಹಕ್ಕಿ ಹಸಿದಿದೆ. ಎರಡೂ ಬದಿಗೆ ಮಾಂಸ ತುಂಬಿಕೊಂಡು ಮೂಳೆ ಸಿಗದಿದ್ದರೆ ಗಟ್ಟಿಮುಟ್ಟಾಗಿದೆ. ದಕ್ಷಿಣಕ್ಕೆ ಬರುವ ಹಿಮಗೂಬೆಗಳೆಲ್ಲ ಉಪವಾಸ ಬಿದ್ದು ಬಂದವು ಎಂಬ ಹಳೆಯ ನಂಬಿಕೆ ಸಡಿಲವಾದದ್ದರಲ್ಲಿ ಈ ಬೆರಳ ಪರೀಕ್ಷೆಗೂ ಪಾಲಿದೆ. 2013–14ರಲ್ಲಿ ಹಿಡಿದವುಗಳಲ್ಲಿ ಹೆಚ್ಚಿನವು ಮೈತುಂಬಿಕೊಂಡೇ ಇದ್ದವು. ಮೈಮೇಲಿನ ಕಪ್ಪು ಗೆರೆಗಳನ್ನು ನೋಡಿದರೆ ವಯಸ್ಸು, ಲಿಂಗ ಅಂದಾಜಾಗುತ್ತದೆ: ದಟ್ಟ ಗೆರೆಯದು ಎಳೆಯ ಹೆಣ್ಣು, ಬಹುತೇಕ ಅಚ್ಚ ಬಿಳಿಯದು ವಯಸ್ಸಾದ ಗಂಡು.

ಈಗ ನಿಜವಾದ ಕೈಚಳಕ. ಯಂತ್ರವನ್ನು ಶಾಲೆಯ ಬ್ಯಾಗಿನಂತೆ ಬೆನ್ನಿಗೆ ಏರಿಸಿ, ಜಾರುವ ಟೆಫ್ಲಾನ್ ಪಟ್ಟಿಗಳನ್ನು ರೆಕ್ಕೆಯ ಹಿಂದೆಮುಂದೆ ತಂದು ಎದೆಯ ಮೇಲೆ ಕೂಡಿಸುತ್ತಾರೆ. ಪಟ್ಟಿ ಗರಿಯ ಮೇಲೆ ಕೂರಬಾರದು, ಗರಿ ಬಿಡಿಸಿ ಒಳಗೆ ಮೈಗೆ ಹೊಂದಿಕೊಳ್ಳಬೇಕು. ಬಿಗಿಯಾದರೆ ಚರ್ಮ ಉಜ್ಜಿ ಗಾಯ. ಸಡಿಲವಾದರೆ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯಡಿ ಬೆರಳು ತೂರಿಸಿ, ರೆಕ್ಕೆ ಪೂರ್ತಿ ಬಿಚ್ಚಿ, ಮತ್ತೆ ಮಡಚಿ, ಮತ್ತೆ ಬೆರಳಿಟ್ಟು ನೋಡಿದ ಮೇಲೆಯೇ ಹೊಲಿಗೆ ಹಾಕಬೇಕು. ಸೋಲಾರ್ ಪಟ್ಟಿ ಗರಿಯೊಳಗೆ ಹೂತುಹೋಗದೆ ಬೆಳಕಿಗೆ ಮುಖ ಮಾಡಿರಬೇಕು. ಹಿಮಗೂಬೆಯೆಂದರೆ ಗರಿಯ ಮೂಟೆ, ಅದಕ್ಕೇ ಈ ಮಾತು.

ಚುಕ್ಕೆ ಓದುವುದು

ಬಿಟ್ಟ ಮೇಲೆ ನಕ್ಷೆಯ ಮೇಲೆ ಚುಕ್ಕೆಗಳು ಬೀಳತೊಡಗುತ್ತವೆ. ಒಂದೊಂದು ಗೂಬೆಯದು ಒಂದೊಂದು ದಾರಿ. ಕೆಲವು ಚಳಿಗಾಲ ಪೂರ್ತಿ ಎರಡು ಹೊಲ ಬಿಟ್ಟು ಕದಲುವುದಿಲ್ಲ. ಕೆಲವು ಹೆಪ್ಪುಗಟ್ಟಿದ ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳ ಮೇಲೆ ವಾರಗಟ್ಟಲೆ ಉಳಿದು, ಮಂಜುಗಡ್ಡೆ ಸೀಳಿದ ಕಡೆ ನೀರುಹಕ್ಕಿಗಳನ್ನು ಹಿಡಿಯುತ್ತವೆ. ದಡದಲ್ಲಿ ನಿಂತು ದುರ್ಬೀನು ಹಿಡಿದವರಿಗೆ ಇದು ಎಂದೂ ಕಾಣುತ್ತಿರಲಿಲ್ಲ. ಈ ಕ್ಷಣದ ಜಾಗವನ್ನು ಮಾತ್ರ ಎಲ್ಲರಿಗೂ ತೋರಿಸಬಾರದು. ಕ್ಯಾಮೆರಾ ಹಿಡಿದವರು ಮುತ್ತಿಕೊಂಡರೆ ಹಕ್ಕಿಗೆ ಬೇಟೆಯೂ ಇಲ್ಲ, ವಿಶ್ರಾಂತಿಯೂ ಇಲ್ಲ.

ಚುಕ್ಕೆಗಳು ದಿನಗಟ್ಟಲೆ ಒಂದೇ ಕಡೆ ಬೀಳುತ್ತಿದ್ದರೆ ತಡಮಾಡದೆ ಹೋಗಿ ನೋಡಬೇಕು. ವಾಹನಕ್ಕೋ ವಿದ್ಯುತ್ ತಂತಿಗೋ ಸಿಕ್ಕಿ ಸತ್ತಿರಬಹುದು, ಇಲಿಪಾಷಾಣ ತಿಂದ ಇಲಿ ಹೊಟ್ಟೆ ಸೇರಿರಬಹುದು. ಸತ್ತ ಹಕ್ಕಿಯಿಂದಲೂ ತಿಳಿಯುವುದು ಬಹಳವಿದೆ.

ವಸಂತದಲ್ಲಿ ಗೂಬೆ ಉತ್ತರಕ್ಕೆ ಹೊರಟು ಟವರುಗಳನ್ನು ದಾಟಿತೆಂದರೆ ಸುದ್ದಿ ನಿಂತಿತು. ಯಂತ್ರ ಮಾತ್ರ ಬರೆದುಕೊಳ್ಳುತ್ತಲೇ ಇರುತ್ತದೆ. ಗೂಬೆ ಮುಂದಿನ ಚಳಿಗಾಲಕ್ಕೆ ಮರಳಿ ಟವರಿನ ವ್ಯಾಪ್ತಿಗೆ ಬಂದರೆ, ತಿಂಗಳುಗಳ ಡೈರಿ ಬಂದು ಬೀಳುತ್ತದೆ. ಬರದೆಯೂ ಹೋಗಬಹುದು. ಬಂದರೆ ಮೊದಲು ತೆರೆಯುವುದು ಜೂನ್ ತಿಂಗಳ ಪುಟ. ಅಲ್ಲೂ ಚುಕ್ಕೆಗಳು ವಾರಗಟ್ಟಲೆ ಒಂದೇ ದಿಬ್ಬದ ಮೇಲೆ ಬಿದ್ದಿವೆಯೇ ಎಂದು ನೋಡುತ್ತಾರೆ. ಬಿದ್ದಿದ್ದರೆ, ಹಕ್ಕಿ ಹೆಣ್ಣಾಗಿದ್ದು ಆಮೇಲೆ ಅಲ್ಲಿಂದ ಎದ್ದು ಹೋಗಿದ್ದರೆ, ಅದು ಕಾವಿಗೆ ಕೂತಿತ್ತು ಎಂದರ್ಥ.