ಬಾಡಿಗೆ ಟೈರಿಲ್ಲದೆ ಎಫ್‌ಸಿ: ನನ್ನ ಅನುಭವ

ಕಳೆದ ಎರಡೂವರೆ ವರ್ಷದಲ್ಲಿ ನಮ್ಮ ಗ್ಯಾರೇಜಿನಿಂದ ಎಫ್‌ಸಿಗೆ (ಲಾರಿ, ಪಿಕಪ್ ತರದ ಬಾಡಿಗೆ ಗಾಡಿಗೆ ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟ್) ಹೋದ ಗಾಡಿ ಸುಮಾರು 140. ಮೊದಲ ಸಲಕ್ಕೇ ಪಾಸಾಗಿದ್ದು 120ರ ಆಸುಪಾಸು. ಪುಸ್ತಕ ಎದುರಿಗಿಲ್ಲ, ಐದಾರು ಹೆಚ್ಚುಕಮ್ಮಿ ಇರಬಹುದು. ಒಂದಕ್ಕೂ ನಾವು ಬಾಡಿಗೆ ಟೈರು ಹಾಕಿಲ್ಲ, ಒಂದರ ಪಂಪಿನ ಸ್ಕ್ರೂವನ್ನೂ ತಿರುಗಿಸಿ ಹೊಗೆ ಇಳಿಸಿಲ್ಲ, ಯಾರ ಕೈಗೂ ಕವರ್ ಇಟ್ಟಿಲ್ಲ. ಶುರು ಮಾಡಿದಾಗ ನಮ್ಮ ಲೈನಿನ ಮೂರ್ನಾಲ್ಕು ಗ್ಯಾರೇಜಿನವರು 'ಆರು ತಿಂಗಳಲ್ಲಿ ಶಟರ್ ಎಳೀತೀಯ' ಅಂದಿದ್ದರು. ಅವರಲ್ಲಿ ಇಬ್ಬರು ಈಗ ಗಾಡಿ ಚೆಕ್ ಮಾಡಿಸಲು ನನ್ನ ಹತ್ತಿರವೇ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೇ ದಾರಿ ಎಲ್ಲರಿಗೂ ಗೊತ್ತಿರುವುದೇ. ಹಿಂದಿನ ದಿನ ಸಂಜೆ ಆರು ಟೈರು ಬಾಡಿಗೆಗೆ, ಒಂದಕ್ಕೆ 300–400. ಬಿಚ್ಚಿ ಹಾಕುವ ಕೂಲಿ ಎರಡು ಸಲ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದ ಗಾಡಿಯದ್ದು. ಬ್ರೇಕ್ ಟೈಟ್ ಮಾಡಿ ಕಳಿಸಿ, ಬಂದ ಮೇಲೆ ಡ್ರಮ್ ಬಿಸಿಯಾಗುತ್ತದೆ ಅಂತ ಸಡಿಲಿಸುವುದು. ಗಾಡಿ ಕಣ್ಣಿಗೂ ಬೀಳದೆ ಕೈಗೆ ಬರುವ ಎಮಿಷನ್ ಸರ್ಟಿಫಿಕೇಟ್. ಬ್ರೋಕರ್ ಖರ್ಚೂ ಸೇರಿ ಒಂದು ಆರು ಚಕ್ರದ ಗಾಡಿಗೆ 12–13 ಸಾವಿರ ಹೋಗುತ್ತಿತ್ತು. ಅಷ್ಟರಲ್ಲಿ ಗಾಡಿಯಲ್ಲಿ ಉಳಿಯುತ್ತಿದ್ದದ್ದು ಬಂಪರಿಗೆ ಬಳಿದ ಪೇಂಟು ಮತ್ತು ರಿಫ್ಲೆಕ್ಟರ್ ಟೇಪು. ಎಂಟು ವರ್ಷದೊಳಗಿನ ಗಾಡಿಗೆ ಇದು ಎರಡು ವರ್ಷಕ್ಕೊಮ್ಮೆ, ಮೇಲಿನದ್ದಕ್ಕೆ ಪ್ರತಿ ವರ್ಷ.

2021ರ ಸೆಪ್ಟೆಂಬರಿನಲ್ಲಿ ಕೇಂದ್ರದ ನಿಯಮಗಳಿಗೆ ಆಟೊಮೇಟೆಡ್ ಟೆಸ್ಟಿಂಗ್ ಸ್ಟೇಷನ್ (ಎಫ್‌ಸಿಗೆ ಗಾಡಿಯನ್ನು ಮೆಷೀನಿನಲ್ಲಿ ಪರೀಕ್ಷಿಸುವ ಜಾಗ) ಸೇರಿತು. ಕಡ್ಡಾಯದ ದಿನಾಂಕ ಹೆವಿ ಗಾಡಿಗಳಿಗೆ ಮೊದಲು 2023ರ ಏಪ್ರಿಲ್ ಅಂದರು, ಆಮೇಲೆ 2024ರ ಅಕ್ಟೋಬರ್ 1ಕ್ಕೆ ದೂಡಿದರು. ಮೆಷೀನ್ ಬಂದರೆ ಕಳ್ಳಾಟ ಮುಗಿಯಿತು ಅಂತ ತುಂಬಾ ಜನ ಹೇಳುತ್ತಿದ್ದರು. ಬ್ರೇಕ್ ಅಳೆಯುವ ರೋಲರ್ ಮೇಲೆ ನಿಂತ ಟೈರು ಬಾಡಿಗೆಯದ್ದೋ ಸ್ವಂತದ್ದೋ ಅಂತ ಯಾವ ಮೆಷೀನಿಗೂ ಗೊತ್ತಾಗುವುದಿಲ್ಲ. ಮೆಷೀನಿನಿಂದ ಆದ ನಿಜವಾದ ಉಪಕಾರ ಒಂದೇ: ಬ್ರೇಕಿನ ಎಡ-ಬಲ ವ್ಯತ್ಯಾಸ ಪೇಪರಿನಲ್ಲಿ ಅಂಕಿಯಾಗಿ ಬರುತ್ತದೆ. ಮೊದಲಾದರೆ ಗ್ರೌಂಡಿನಲ್ಲಿ ಒಂದು ರೌಂಡ್ ಓಡಿಸಿ 'ಹಿಡೀತದೆ' ಅಂದರೆ ಆಯಿತು.

ನನ್ನ ಕ್ರಮ ಹೀಗೆ. ಎಫ್‌ಸಿ ಮುಗಿಯುವ ಮೂರು ವಾರ ಮೊದಲು ಗಾಡಿ ಬರಬೇಕು. ಚೆಕಿಂಗ್‌ಗೆ ಹೆವಿಗೆ 1,500, ಪಿಕಪ್, ಟಾಟಾ 407 ತರದ ಚಿಕ್ಕ ಗಾಡಿಗೆ 800. ಎರಡು ಗಂಟೆಯ ಕೆಲಸ. ಒಂದು ಶೀಟಿನಲ್ಲಿ 38 ಬಾಬ್ತು, ಪ್ರತಿಯೊಂದರ ಮುಂದೆ ಅಳತೆ. 'ಓಕೆ' ಅಂತ ಬರೆಯುವ ಹಾಗಿಲ್ಲ. ಟೈರು ಅಂದರೆ ಮಿಲಿಮೀಟರ್, ಬ್ರೇಕ್ ಅಂದರೆ ಸ್ಟ್ರೋಕ್ (ಪೆಡಲ್ ಒತ್ತಿದಾಗ ಬ್ರೇಕಿನ ರಾಡ್ ಹೊರಬರುವ ದೂರ), ಬಲ್ಬ್ ಅಂದರೆ ಹೋಲ್ಡರಿನಲ್ಲಿ ಸಿಕ್ಕ ವೋಲ್ಟ್. ಶೀಟು ಓನರ್ ಕೈಗೆ, ರಿಪೇರಿ ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಲಿ. ನಮ್ಮಲ್ಲೇ ಮಾಡಿಸಿದರೆ ತೆಗೆದ ಹಳೇ ಸಾಮಾನೆಲ್ಲ ಒಂದು ಗೋಣಿಚೀಲದಲ್ಲಿ ಕಟ್ಟಿ ಕ್ಯಾಬಿನ್ನಿಗೆ ಹಾಕಿ ಕಳಿಸುತ್ತೇವೆ. ಗುಜರಿಗೆ ಹಾಕಿ ಬರುವ ದುಡ್ಡು ಅವರದ್ದೇ.

ಇದರಲ್ಲಿ ಮೊದಲು ಕೈ ಸುಟ್ಟುಕೊಂಡಿದ್ದು ಚೆಕಿಂಗ್ ಫ್ರೀ ಅಂತ ಬೋರ್ಡ್ ಹಾಕಿ. ಫ್ರೀ ಅಂದರೆ ಕೆಲಸ ಹುಡುಕಿ ಬಿಲ್ ಏರಿಸುತ್ತಾನೆ ಅಂತ ಓನರುಗಳ ಲೆಕ್ಕ. ಅದು ತಪ್ಪೂ ಅಲ್ಲ, ಫ್ರೀ ಮಾಡಿದವನಿಗೆ ಆ ಎರಡು ಗಂಟೆ ಎಲ್ಲಿಂದಾದರೂ ಹುಟ್ಟಬೇಕಲ್ಲ. ನಾಲ್ಕು ತಿಂಗಳಲ್ಲಿ 50 ಗಾಡಿ ನೋಡಿದ್ದರೆ ಕೆಲಸಕ್ಕೆ ನಿಂತದ್ದು ಒಂಬತ್ತೋ ಹತ್ತೋ. ಆಮೇಲೆ 500 ಇಟ್ಟು ರಿಪೇರಿ ಬಿಲ್ಲಿನಲ್ಲಿ ಕಳೆಯುತ್ತೇನೆ ಅಂದೆ, ಅದೂ ನಡೆಯಲಿಲ್ಲ. ಕೊನೆಗೆ 1,500 ಮಾಡಿ, ಬಿಲ್ಲಿನಲ್ಲಿ ಒಂದು ಪೈಸೆಯನ್ನೂ ಕಳೆಯುವುದಿಲ್ಲ ಅಂತ ಶೀಟಿನ ತಲೆಯ ಮೇಲೇ ಪ್ರಿಂಟ್ ಹಾಕಿಸಿದೆ. ಜನ ಬರತೊಡಗಿದ್ದು ಆಗಿನಿಂದ. ದುಡ್ಡು ಕೊಟ್ಟು ತಗೊಂಡ ಶೀಟಿಗೆ ಬೆಲೆ ಇರುತ್ತದೆ, ಅದನ್ನು ಮಡಚಿ ಆರ್‌ಸಿ ಕವರಿನಲ್ಲಿ ಇಟ್ಟುಕೊಳ್ಳುತ್ತಾರೆ.

ಈಗ ಬ್ರೇಕು. ಫೇಲ್ ಆದ 20ರಲ್ಲಿ 13–14 ಇಲ್ಲೇ ಆದದ್ದು, ಅದರಲ್ಲಿ ಅರ್ಧ ನನ್ನದೇ ತಪ್ಪು. ಹಿಂದಿನ ದಿನ ಹೊಸ ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪದರ) ಹಾಕಿ ಮರುದಿನ ರೋಲರಿಗೆ ಕಳಿಸಿದೆ. ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರುವುದಿಲ್ಲ, ನಡುವೆ ಒಂದು ಪಟ್ಟಿಯಷ್ಟು ಮಾತ್ರ ಮುಟ್ಟುತ್ತದೆ. ಸವೆದ ಲೈನರಿಗಿಂತ ಕಡಿಮೆ ರೀಡಿಂಗ್ ಬಂತು! ಓನರಿಗೆ ಇದನ್ನು ವಿವರಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಈಗ ಲೈನರ್ ಹಾಕಿದ ಗಾಡಿ ಕನಿಷ್ಠ 200 ಕಿಲೋಮೀಟರ್ ಓಡಿ, ಒಂದು ಸಲವಾದರೂ ಅರ್ಧ ಲೋಡಿನಲ್ಲಿ ಶಿರಾಡಿ ಘಾಟಿ ಇಳಿದು ಬಂದ ಮೇಲೇ ಟೆಸ್ಟಿಗೆ ಸ್ಲಾಟ್. ಮೂರು ವಾರ ಮೊದಲು ಬರಬೇಕು ಅನ್ನುವುದು ಇದಕ್ಕೇ. ಇಳಿಯುವಾಗ ಯಾವ ಗೇರಿನಲ್ಲಿ, ಎಷ್ಟು ಸಲ, ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ನನ್ನ ಡ್ರೈವರಿಗೂ ನನಗೂ ಇರಲಿ.

ಲೈನರ್ ಒಂದೇ ಕಡೆ ಹಾಕುವುದು ಕೂಡದು, ಆಕ್ಸಲ್ಲಿಗೆ ಎರಡೂ ಕಡೆ. ಒಂದು ಕಡೆ ಹಬ್ಬಿನ ಸೀಲ್ ಸೋರಿ ಲೈನರ್ ಗ್ರೀಸು ಕುಡಿದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಬೆಂಕಿಗೆ ಹಿಡಿದು ಮತ್ತೆ ಹಾಕುವ ಅಭ್ಯಾಸ ನಮ್ಮವರಲ್ಲಿದೆ. ನಾನೂ ಎರಡು ಗಾಡಿಗೆ ಮಾಡಿ ನೋಡಿದೆ. ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಬಿಸಿಯಾದ ಕೂಡಲೇ ಒಳಗಿನ ಗ್ರೀಸು ಹೊರಗೆ ಬೆವರುತ್ತದೆ. ಟೆಸ್ಟಿನಲ್ಲಿ ಪಾಸ್, ಘಾಟಿಯಲ್ಲಿ ಫೇಲ್. ಈಗ ಅಂಥ ಲೈನರನ್ನು ಗೋಣಿಚೀಲಕ್ಕೂ ಹಾಕುವುದಿಲ್ಲ, ಓನರ್ ಎದುರೇ ಒಡೆದು ಹಾಕುತ್ತೇವೆ.

ಸ್ಟ್ರೋಕ್: ಟ್ಯಾಂಕಿನಲ್ಲಿ 6–7 ಬಾರ್ ತುಂಬಿಸಿ, ಬೂಸ್ಟರಿನ (ಗಾಳಿಯ ಒತ್ತಡದಿಂದ ಬ್ರೇಕ್ ತಳ್ಳುವ ಡಬ್ಬಿ) ಪುಶ್‌ರಾಡಿಗೆ ಮಾರ್ಕರ್ ಗೆರೆ ಹಾಕಿ, ಪೆಡಲ್ ಪೂರ್ತಿ ಒತ್ತಿಸಿ ಗೆರೆ ಎಷ್ಟು ಹೊರಬಂತು ಅಂತ ಅಳೆಯಿರಿ. ನನಗೆ 25–30 ಮಿಲಿಮೀಟರ್ ಬೇಕು. ಟೈಪ್ 30 ಬೂಸ್ಟರಿನಲ್ಲಿ 50 ಮುಟ್ಟಿತು ಅಂದರೆ ಅದು ಬ್ರೇಕೇ ಅಲ್ಲ. ಎಡ-ಬಲ 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಲಾಕ್ ಅಡ್ಜಸ್ಟರ್ (ಸ್ಟ್ರೋಕ್ ಸರಿಹೊಂದಿಸುವ ತೋಳು) ತಿರುಗಿಸುವ ಮೊದಲು ಕ್ಯಾಮ್ ಬುಷ್ (ಬ್ರೇಕ್ ಅಗಲಿಸುವ ಶಾಫ್ಟು ಕೂರುವ ಬುಷ್) ನೋಡುತ್ತೇನೆ. ಬುಷ್ ತಿಂದಿದ್ದರೆ ಎಷ್ಟು ಅಡ್ಜಸ್ಟ್ ಮಾಡಿದರೂ ನಾಲ್ಕು ದಿನ.

ರೋಲರ್ ಟೆಸ್ಟರ್ ಕೊಳ್ಳುವ ಶಕ್ತಿ ನನಗಿಲ್ಲ. ಅದಕ್ಕೆ ಮಾಡಿಕೊಂಡ ಉಪಾಯ: ನಾಲ್ಕು ತೂತಿನ ಪ್ಲೇಟಿಗೆ ಒಂದು ಮೀಟರ್ ಉದ್ದದ ಪೈಪು ವೆಲ್ಡ್ ಮಾಡಿ ವೀಲ್ ಸ್ಟಡ್ಡಿಗೆ ಕಟ್ಟುವುದು. ಆಕ್ಸಲ್ ಜಾಕ್ ಮೇಲೆತ್ತಿ, ಕೆಳಗೆ ಸ್ಟ್ಯಾಂಡು ಕೊಟ್ಟು, ಉಳಿದ ಚಕ್ರಗಳಿಗೆ ಎರಡೂ ಕಡೆ ಕಲ್ಲು. ಬೂಸ್ಟರ್ ಲೈನಿನಲ್ಲಿ ಟೀ ಜಾಯಿಂಟ್ ಹಾಕಿ ರೆಗ್ಯುಲೇಟರಿನಿಂದ ಸರಿಯಾಗಿ 1 ಬಾರ್ ಕೊಡಬೇಕು, ಜಾಸ್ತಿ ಬೇಡ. ಪೈಪಿನ ತುದಿಗೆ 300 ಕೆ.ಜಿ. ತೂಗುವ ಹ್ಯಾಂಗಿಂಗ್ ಸ್ಕೇಲ್, ಅದಕ್ಕೆ ಚೈನ್ ಬ್ಲಾಕ್. ಮುಂದಕ್ಕೆ ತಿರುಗುವ ದಿಕ್ಕಿಗೆ ನಿಧಾನ ಎಳೆದು, ಚಕ್ರ ಜಾರುವ ಕ್ಷಣದ ತೂಕ ಬರೆದುಕೊಳ್ಳಿ. ಪ್ರತಿ ಚಕ್ರಕ್ಕೆ ಮೂರು ಸಲ, ಮೊದಲಿನದ್ದನ್ನು ಬಿಟ್ಟುಬಿಡಿ. ಎಡ 110, ಬಲ 70 ಬಂದರೆ ರೋಲರಿನಲ್ಲಿ ಅದು ಖಂಡಿತ ಸಿಕ್ಕಿಹಾಕಿಕೊಳ್ಳುತ್ತದೆ. ನಾನು 15 ಪರ್ಸೆಂಟ್ ಒಳಗೆ ತರುತ್ತೇನೆ. ಎಲ್ಲ ಸೇರಿ ಖರ್ಚು 9 ಸಾವಿರ ಚಿಲ್ಲರೆ. ರೋಲರಿನ ಅಂಕಿಗೂ ಇದಕ್ಕೂ ತಾಳೆ ಹಾಕಬೇಡಿ, ಇದು ಎರಡು ಕಡೆಯನ್ನು ಹೋಲಿಸಲಿಕ್ಕೆ ಮಾತ್ರ. ಗೇಜ್ 0.2 ಬಾರ್ ಸುಳ್ಳು ಹೇಳಿದರೂ ಇಡೀ ಲೆಕ್ಕ ಕೆಡುತ್ತದೆ. ನನ್ನ ಮೊದಲ ಗೇಜ್ 250 ರೂಪಾಯಿದು, ಅದನ್ನು ನಂಬಿ ಎರಡು ಗಾಡಿ ಫೇಲ್ ಮಾಡಿಸಿಕೊಂಡೆ.

ಖಾಲಿ ಗಾಡಿಯ ಹಿಂದಿನ ಆಕ್ಸಲ್ ಕಡಿಮೆ ತೋರಿಸಿದರೆ ಲೈನರ್ ಬಿಚ್ಚುವ ಮೊದಲು ಲೋಡ್ ಸೆನ್ಸಿಂಗ್ ವಾಲ್ವ್ (ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿಗೆ ಗಾಳಿ ಬಿಡುವ ವಾಲ್ವ್) ನೋಡಿ. ಪಾಟಾ (ಸ್ಪ್ರಿಂಗ್ ಪಟ್ಟಿ) ಬದಲಿಸಿದಾಗ, ಎಕ್ಸ್‌ಟ್ರಾ ಪಾಟಾ ಸೇರಿಸಿದಾಗ ಗಾಡಿ ಎತ್ತರವಾಗುತ್ತದೆ, ವಾಲ್ವಿನ ಲಿಂಕ್ ಮಾತ್ರ ಹಳೇ ಅಳತೆಯಲ್ಲೇ ಉಳಿಯುತ್ತದೆ. ಗಾಡಿ ಇನ್ನೂ ಖಾಲಿ ಅಂತ ತಿಳಿದು ಅದು ಹಿಂದಕ್ಕೆ ಗಾಳಿ ಕಡಿಮೆ ಬಿಡುತ್ತದೆ. ಕೆಲವರು ಲಿಂಕನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಿ ಟೆಸ್ಟ್ ಪಾಸ್ ಮಾಡಿಸುತ್ತಾರೆ. ಮಳೆಯಲ್ಲಿ ಖಾಲಿ ಗಾಡಿಯ ಹಿಂಭಾಗ ಎಡಕ್ಕೆಳೆದು ರಸ್ತೆಗೆ ಅಡ್ಡ ನಿಲ್ಲುವುದು ಹೀಗೆ. ಲಿಂಕನ್ನು ಪಾಟಾ ಎತ್ತರಕ್ಕೆ ತಕ್ಕಂತೆ ಕೂರಿಸಲು ನಾನು ಮಾಡಿಕೊಂಡ ಗೇಜು ಒಂದಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಹೆಡ್‌ಲೈಟ್ ವಿಚಾರದಲ್ಲಿ ಓನರ್ ಜೊತೆ ಜಗಳ ಗ್ಯಾರಂಟಿ. 1,200 ಕೊಟ್ಟು ಹಾಕಿಸಿದ ಬಿಳಿ ಎಲ್‌ಇಡಿ ಬಿಚ್ಚು ಅಂದರೆ ಯಾರಿಗೆ ಇಷ್ಟ? ಹ್ಯಾಲೊಜನ್ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಹಾಕಿದರೆ ಡಿಮ್ಮಿನ ಕಟ್ ಗೆರೆ ಸಿಗುವುದೇ ಇಲ್ಲ, ಬೆಳಕು ಎದುರಿನವನ ಕಣ್ಣಿಗೆ ಚೆಲ್ಲುತ್ತದೆ. ಮಾಮೂಲಿ ಎಚ್4, 24 ವೋಲ್ಟಿನ 75/70 ಬಲ್ಬ್ ಸಾಕು, ಹೋಲ್ಡರಿಗೆ ಪೂರ್ತಿ ಕರೆಂಟ್ ಬಂದರೆ. ಬ್ಯಾಟರಿಯಲ್ಲಿ 27 ಇದ್ದು ಹೋಲ್ಡರಿನಲ್ಲಿ 22 ಸಿಕ್ಕ ಗಾಡಿಗಳು ಲೆಕ್ಕವಿಲ್ಲದಷ್ಟು. ಅರ್ತಿಂಗ್ ಕೆರೆದು, ಎರಡು ರಿಲೇ ಹಾಕಿದರೆ 600 ರೂಪಾಯಿ ಒಳಗೆ ಮುಗಿಯುತ್ತದೆ. ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಲೈಟಿನ ನಡುಮಧ್ಯಕ್ಕಿಂತ 10 ಸೆಂಟಿಮೀಟರ್ ಕೆಳಗೆ ಡಿಮ್ಮಿನ ಗೆರೆ ಕೂರಿಸಿ. ಅದಕ್ಕೆ ಮೊದಲು ಟೈರಿನ ಗಾಳಿ. ಫೋನಿನ ಲಕ್ಸ್ ಮೀಟರ್ ಆ್ಯಪಿನಲ್ಲಿ ಅಳೆಯಲು ಹೋಗಿ ಎರಡು ಸಂಜೆ ಹಾಳು ಮಾಡಿಕೊಂಡೆ, ಒಂದೊಂದು ಫೋನ್ ಒಂದೊಂದು ಹೇಳುತ್ತದೆ.

ಹೊಗೆಯ ಮಿತಿ ಬಿಎಸ್-4 ನಿಯಮದ ಗಾಡಿಗೆ 50, ಅದಕ್ಕೂ ಹಿಂದಿನದಕ್ಕೆ 65 ಹಾರ್ಟ್ರಿಜ್ (ಹೊಗೆಯ ದಟ್ಟತೆಯ ಅಳತೆ). ಪಂಪಿನಲ್ಲಿ ಡೀಸೆಲ್ ಕಡಿಮೆ ಮಾಡಿದರೆ ಯಾವ ಗಾಡಿಯೂ ಪಾಸಾಗುತ್ತದೆ, ಲೋಡ್ ಹಾಕಿದ ಮೇಲೆ ದಿಣ್ಣೆ ಹತ್ತುವುದಿಲ್ಲ, ಡ್ರೈವರ್ ಸಂಜೆಯೇ ಸ್ಕ್ರೂ ವಾಪಸ್ ತಿರುಗಿಸುತ್ತಾನೆ. ಒಂದು ಹಳೇ 407ರಲ್ಲಿ ಹೆಜ್ಜೆ ಹೆಜ್ಜೆಗೂ ಮೀಟರ್ ಇಟ್ಟು ನೋಡಿದ್ದೆ: ಬಂದಾಗ 78. ಏರ್ ಫಿಲ್ಟರ್ ಬದಲಿಸಿದ ಮೇಲೆ 66. ಟ್ಯಾಪೆಟ್ ಸೆಟ್ ಮಾಡಿದ್ದಕ್ಕೆ ಒಂದೆರಡು. ನಾಲ್ಕೂ ನಾಝಲ್ ಪಾಪಿಂಗ್ (ಡೀಸೆಲ್ ಸಿಂಪಡಿಸುವ ಒತ್ತಡದ ಪರೀಕ್ಷೆ) ಮಾಡಿಸಿ, ಎರಡು ಹೊಸದು ಹಾಕಿದಾಗ 49. ಒಟ್ಟು ಖರ್ಚು 4,300. ಟ್ಯಾಂಕಿಗೆ ಹಾಕುವ 300 ರೂಪಾಯಿಯ ಬಾಟಲಿಗಳನ್ನೂ ಮೂರು ಗಾಡಿಗೆ ಹಾಕಿ ನೋಡಿದೆ, ಎರಡು ಮೂರು ಪಾಯಿಂಟ್ ಇಳಿಯಿತು. ಅಷ್ಟು ವ್ಯತ್ಯಾಸ ಎಂಜಿನ್ ಬಿಸಿಯಾಗಿದ್ದರೂ ಬರುತ್ತದೆ. ಆಯಿಲ್ 60 ಡಿಗ್ರಿ ದಾಟದೆ ಟೆಸ್ಟ್ ಮಾಡಿಸಲೇಬೇಡಿ.

ಉಳಿದದ್ದು ಚಿಕ್ಕಪುಟ್ಟದ್ದು, ಆದರೆ ಸ್ಲಾಟ್ ಹಾಳಾಗುವುದು ಇಂಥದ್ದಕ್ಕೇ. ಚಾಸಿಸ್ ನಂಬರ್ ತುಕ್ಕು ಹಿಡಿದಿದ್ದರೆ ಪೇಂಟ್ ರಿಮೂವರ್ ಹಚ್ಚಿ ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ. ಗ್ರೈಂಡರ್ ಮುಟ್ಟಿಸಿದರೆ ನಂಬರ್ ತಿದ್ದಿದ್ದಾನೆ ಅಂತ ಅನುಮಾನ ಬಂದು ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹಿಂದಿನ ಗಾರ್ಡ್ ನೆಲದಿಂದ 550 ಮಿಲಿಮೀಟರಿಗಿಂತ ಮೇಲಿರಬಾರದು, ಪಾಟಾ ಏರಿಸಿದ ಗಾಡಿಯಲ್ಲಿ ಇದೂ ಏರಿರುತ್ತದೆ. ಕಿಂಗ್ ಪಿನ್ (ಮುಂದಿನ ಚಕ್ರ ಎಡ-ಬಲಕ್ಕೆ ಹೊರಳುವ ಪಿನ್) ಆಟ ನೋಡುವಾಗ ಒಬ್ಬ ಬ್ರೇಕ್ ಒತ್ತಿ ಹಿಡಿದಿರಲಿ, ಇಲ್ಲದಿದ್ದರೆ ಬೇರಿಂಗಿನ ಆಟವನ್ನು ಪಿನ್ನಿನದ್ದು ಅಂದುಕೊಂಡು ಸುಮ್ಮನೆ 6 ಸಾವಿರ ಕಳೆಯುತ್ತೀರಿ. ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್, ಚಲನ್ ಬಾಕಿ ಎಲ್ಲ ಮೊದಲ ದಿನವೇ ನೋಡಿ.

ಟೈರಿನ ತೋಡಿನ ಆಳಕ್ಕೆ ನಿಯಮ ಕನಿಷ್ಠ 1.6 ಮಿಲಿಮೀಟರ್. ನನ್ನ ಶೀಟಿನಲ್ಲಿ ಮುಂದಿನ ಎರಡಕ್ಕೆ 3, ಮುಂದೆ ರೀಟ್ರೆಡ್ (ಹೊಸ ರಬ್ಬರ್ ಅಂಟಿಸಿದ ಹಳೇ ಟೈರು) ಇದ್ದರೆ ಚೆಕಿಂಗ್ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಟೈರಿನ ಸೀರಿಯಲ್ ನಂಬರ್, ನಾಲ್ಕಂಕಿಯ ವಾರ-ವರ್ಷದ ಕೋಡ್ (2319 ಅಂದರೆ 2019ರ 23ನೇ ವಾರ) ಬರೆದು ಫೋಟೋ ತೆಗೆದಿಡುತ್ತೇವೆ. ಎಫ್‌ಸಿ ಆಗಿ ತಿಂಗಳ ಮೇಲೆ ಗ್ರೀಸಿಂಗ್‌ಗೆ ಬಂದಾಗ ಹುಡುಗರು ಸುಮ್ಮನೆ ತಾಳೆ ನೋಡುತ್ತಾರೆ. ಬದಲಾಗಿದ್ದರೆ ಓನರ್ ಬಾಡಿಗೆ ಟೈರು ಹಾಕಿದ್ದ ಅಂತ ಲೆಕ್ಕ, ಮುಂದಿನ ವರ್ಷ ಆ ಗಾಡಿಗೆ ನಮ್ಮಲ್ಲಿ ಶೀಟಿಲ್ಲ. ಹೀಗೆ 11 ಗಾಡಿ ಕಳೆದುಕೊಂಡೆ, ಅದರಲ್ಲಿ ಐದು ಒಬ್ಬನೇ ಓನರಿನದ್ದು. ಆ ವರ್ಷ ಅದು 70–80 ಸಾವಿರದ ಏಟು.

ಓನರಿನ ಖರ್ಚು ಆರು ಚಕ್ರಕ್ಕೆ ಮೊದಲ ವರ್ಷ 26–28 ಸಾವಿರ ಆಗುತ್ತದೆ, ಟೈರು ಬಿಟ್ಟು. ಎರಡನೇ ವರ್ಷ 9ರಿಂದ 10. ಈ ಎರಡನೇ ವರ್ಷದ ಬಿಲ್ಲನ್ನು ತೋರಿಸುವುದಕ್ಕೆ ನನಗೆ ಒಂದು ವರ್ಷ ಕಾಯಬೇಕಾಯಿತು, ಅಲ್ಲಿಯವರೆಗೆ ಬಾಯಿ ಮಾತು ಯಾರೂ ಕೇಳಲಿಲ್ಲ.

ಸದ್ಯಕ್ಕೆ ಕೈಕೊಡುತ್ತಿರುವುದು ಆಟೊ ಸ್ಲಾಕ್ ಅಡ್ಜಸ್ಟರ್ ಇರುವ ಗಾಡಿಗಳು. ಸ್ಟ್ರೋಕ್ ಜಾಸ್ತಿ ಬಂದರೆ ಹಳೇ ಅಭ್ಯಾಸದಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸುತ್ತಾರೆ, ಒಳಗಿನ ಕ್ಲಚ್ ಹಾಳಾಗುತ್ತದೆ, ಮತ್ತೆ ಅದು ತಾನಾಗಿ ಅಡ್ಜಸ್ಟ್ ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ, ಮೂರು ವಾರದ ನಂತರದ ಸ್ಟ್ರೋಕೇ ಹೇಳಬೇಕು. ಹಾಗಾಗಿ ಇವುಗಳಿಗೆ ಚೆಕಿಂಗ್ ಎರಡು ಸಲ ಇಟ್ಟಿದ್ದೇನೆ, ಎರಡನೆಯದ್ದಕ್ಕೆ 400. ಇದಕ್ಕಿಂತ ಬೇಗ ಪತ್ತೆ ಹಚ್ಚುವ ದಾರಿ ಯಾರಿಗಾದರೂ ಸಿಕ್ಕಿದ್ದರೆ ಹೇಳಿ, ಲಿಂಕಿನ ಗೇಜು ಬದಲಿಗೆ ಕೊಡುತ್ತೇನೆ.