ಚಳಿ ಬೆಳಿಗ್ಗೆ ಸ್ಟಾರ್ಟ್ ಆಗದ ಹಳೇ ಕಾರು: ಸೆನ್ಸರ್ ಬದಲಿಸುವ ಮೊದಲು ಪರೀಕ್ಷಿಸಿ

ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದ ಬೆಳಗು ಚೆನ್ನಾಗಿಯೇ ಕೊರೆಯುತ್ತದೆ. ಆಗ ಹಳೇ ಪೆಟ್ರೋಲ್ ಕಾರು ಸ್ಟಾರ್ಟ್ ಆಗದೆ ಸತಾಯಿಸಿದರೆ ಎಲ್ಲರ ಅನುಮಾನವೂ ಬ್ಯಾಟರಿ ಮೇಲೆ. ಸೆಲ್ಫ್ ಜೋರಾಗಿ ತಿರುಗುತ್ತಿದೆಯಾ? ಹಾಗಾದರೆ ಬ್ಯಾಟರಿ ಸರಿಯಿದೆ. ಜೊತೆಗೆ ಕಪ್ಪು ಹೊಗೆ, ಇಳಿದ ಮೈಲೇಜ್, ತಣ್ಣನೆ ಎಂಜಿನ್ನಿಗೂ ಓಡುವ ರೇಡಿಯೇಟರ್ ಫ್ಯಾನ್ ಕಂಡರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಟೆಂಪರೇಚರ್ ಸೆನ್ಸರ್ ಕಡೆ ನೋಡಿ.

ಎಂಜಿನ್ ಎಷ್ಟು ಬಿಸಿಯಿದೆ ಎಂದು ಇಸಿಎಂಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ, ಹೇಳುವುದು ಇದರ ಕೆಲಸ. ತಣ್ಣಗಿದ್ದರೆ ಇಸಿಎಂ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಬಿಸಿ ಎಂಜಿನ್ನನ್ನು ತಣ್ಣಗಿದೆ ಎಂದು ಸೆನ್ಸರ್ ಹೇಳಿದರೆ ಪೆಟ್ರೋಲ್ ಸುಮ್ನೆ ಸುರಿದು ಹೋಗುತ್ತದೆ. ತಣ್ಣಗಿದ್ದಾಗ ಬಿಸಿ ಎಂದರೆ ಸ್ಟಾರ್ಟ್ ಆಗುವಷ್ಟೂ ಸಿಗುವುದಿಲ್ಲ.

ಸ್ಕ್ಯಾನರ್ ಹಾಕಿ, ಇಸಿಎಂ ದಾಖಲಿಸಿದ ದೋಷದ ಕೋಡ್ ಓದಿ, ತಕ್ಷಣ ಹೊಸ ಸೆನ್ಸರ್ ಕೂರಿಸುವುದು ಹಲವು ಕಡೆ ರೂಢಿ. ಇದು ತಪ್ಪು ಎಂದೇ ನನ್ನ ವಾದ. ಪಿ0117, ಪಿ0118 ಕೋಡ್‌ಗಳು ಸರ್ಕ್ಯೂಟ್‌ನಲ್ಲಿ ದೋಷವಿದೆ ಎನ್ನುತ್ತವೆ, ಅಷ್ಟೇ. ಸೆನ್ಸರ್, ವೈರ್, ಕಪ್ಲರ್ (ವೈರನ್ನು ಸೆನ್ಸರ್‌ಗೆ ಜೋಡಿಸುವ ಪ್ಲಗ್) ಮೂರರಲ್ಲಿ ಯಾವುದೂ ಇರಬಹುದು. ಪಿ0128 ಬಂದರಂತೂ ಮೊದಲು ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ಕವಾಟ) ನೋಡಬೇಕು.

ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸ್ಕ್ಯಾನರ್ ಜೋಡಿಸಿ. ಕೂಲೆಂಟ್ ಉಷ್ಣತೆ ಹೊರಗಿನ ಗಾಳಿಯ ಉಷ್ಣತೆಗೆ ಹತ್ತಿರ ಇರಬೇಕು. ಈಗ ಸೆನ್ಸರ್‌ನ ಕಪ್ಲರ್ ಬಿಚ್ಚಿ. ಸಾಮಾನ್ಯವಾಗಿ ಸೆನ್ಸರ್ ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಇರುತ್ತದೆ, ಎರಡು ವೈರ್ ಬಂದಿರುತ್ತವೆ. ಬಿಚ್ಚಿದಾಗ ಬಹುತೇಕ ಕಾರುಗಳಲ್ಲಿ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸುತ್ತದೆ. ವೈರ್ ಕಡೆಯ ಕಪ್ಲರ್‌ನ ಎರಡು ಪಿನ್ನುಗಳನ್ನು ಸಣ್ಣ ವೈರಿನಿಂದ ಕ್ಷಣಕಾಲ ಸೇರಿಸಿದರೆ ಅಂಕಿ ನೂರು ದಾಟಿ ಮೇಲೇರಬೇಕು. ಏರಿದರೆ ವೈರಿಂಗ್ ಸರಿಯಿದೆ. ಏರದಿದ್ದರೆ ವೈರ್ ತುಂಡಾಗಿದೆಯೇ, ಇಲಿ ಕಡಿದಿದೆಯೇ, ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ನಿಲ್ಲಿಸಿಯೇ ಇಟ್ಟ ಕಾರುಗಳಲ್ಲಿ ಇಲಿ ಕಾಟ ಜಾಸ್ತಿ.

ಇನ್ನು ಸೆನ್ಸರ್ ಸರದಿ. ಮಲ್ಟಿಮೀಟರ್‌ನಿಂದ ಅದರ ಎರಡು ಪಿನ್ನುಗಳ ನಡುವಿನ ಓಮ್ ಅಳೆಯಿರಿ. 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2,000ದಿಂದ 3,000, 80 ಡಿಗ್ರಿಯಲ್ಲಿ 300 ಆಸುಪಾಸು ಇರುತ್ತದೆ. ನಿಮ್ಮ ಕಾರಿನ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ. ಬಿಸಿ ಏರಿದಂತೆ ಓಮ್ ಇಳಿಯಬೇಕು. ಇಳಿಯದೆ ನಿಂತರೆ ಅಥವಾ ಅಂಕಿ ಕುಣಿದಾಡಿದರೆ ಸೆನ್ಸರ್ ಹೋಗಿದೆ. ತೆಗೆದ ಮೇಲೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಅಳೆಯಬಹುದು. ಕಪ್ಲರ್ ಬದಿ ಮಾತ್ರ ಒದ್ದೆಯಾಗಬಾರದು.

ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಸೆನ್ಸರ್ ಮಟ್ಟದ ಕೆಳಗೆ ಬರುವಷ್ಟು ಕೂಲೆಂಟನ್ನು ಟಬ್ಬಿಗೆ ಇಳಿಸಿ. ಅದು ವಿಷ, ರುಚಿಗೆ ಸಿಹಿ. ಟಬ್ಬನ್ನು ನಾಯಿ, ಹಸುಗಳಿಗೆ ಸಿಗುವಂತೆ ಇಡಲೇಬೇಡಿ. ಹೊಸ ಓ-ರಿಂಗ್ ಅಥವಾ ವಾಷರ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಿಂದ ಸ್ವಲ್ಪ ಬಿಗಿ ಮಾಡಿ. ಹೌಸಿಂಗ್ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನದು. ಜಾಸ್ತಿ ಒತ್ತಿದರೆ ಥ್ರೆಡ್ ಹೋಗುತ್ತದೆ. ಊರಿನಲ್ಲಿ ಸೆನ್ಸರ್ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ.

ಮತ್ತೆ ತುಂಬುವಾಗ ನಮ್ಮ ಕಡೆಯ ಗಡುಸು ಬೋರ್‌ವೆಲ್ ನೀರನ್ನು ದಯವಿಟ್ಟು ಮುಟ್ಟಬೇಡಿ. ಪಾತ್ರೆಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ, ಸೆನ್ಸರ್ ತುದಿಗೂ ಕಟ್ಟುತ್ತದೆ. ಆಗ ಹೊಸ ಸೆನ್ಸರ್ ಕೂಡ ಉಷ್ಣತೆಯನ್ನು ತಡವಾಗಿ ಹೇಳುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಬೆರೆಸಿದ ಕೂಲೆಂಟನ್ನೇ ಹಾಕಿ. ಬ್ಯಾಟರಿ ಜೋಡಿಸಿ, ಎಂಜಿನ್ ಓಡಿಸಿ, ಒಳಗಿನ ಹೀಟರ್ ಆನ್ ಮಾಡಿ. ಗಾಳಿಗುಳ್ಳೆ ಹೊರಬಿದ್ದಂತೆ ಮಟ್ಟ ಇಳಿಯುತ್ತದೆ, ಅಷ್ಟನ್ನು ತುಂಬಿ ಮುಚ್ಚಳ ಹಾಕಿ. ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೆ ಕಾಯಿರಿ, ಸೋರಿಕೆ ನೋಡಿ, ಕೋಡ್ ಅಳಿಸಿ. ಮರುದಿನ ಬೆಳಿಗ್ಗೆ ಕಾರು ತಣ್ಣಗಿರುವಾಗ ಕೂಲೆಂಟ್ ಮಟ್ಟ ಮತ್ತು ಸ್ಕ್ಯಾನರ್ ಅಂಕಿ ಎರಡನ್ನೂ ಇನ್ನೊಮ್ಮೆ ನೋಡಿ.